ಬಳ್ಳಾರಿಗೆ ಒಯ್ದ ಶೇಗಡಿ

ಊರೂರು ತಿರುಗಿದ ಹೆಂಗಸು ನಾನು. ಹುಟ್ಟಿದ್ದು ಬೀಡಿ ಎಂಬ ಹಳ್ಳಿ, ಮದುವೆಯಾಗಿ ಬಂದದ್ದು ಖಾನಾಪುರ, ಅಕ್ಕನನ್ನು ಕೊಟ್ಟದ್ದು ಲೋಂಡಾಕ್ಕೆ, ಮಗ ನೌಕರಿಗೆ ಸೇರಿದ್ದು ಬೆಳಗಾವಿಯಲ್ಲಿ. ಬೀಡಿಯಲ್ಲಿ ಮಳೆ ಬಂದು ಹೋಗುತ್ತದೆ. ಖಾನಾಪುರದಲ್ಲಿ ಬಂದ ಮಳೆ ಹೋಗುವುದಿಲ್ಲ. ಲೋಂಡಾದಲ್ಲಿ ಒಣಹಾಕಿದ ಸೀರೆ ಒಣಗುವುದರೊಳಗೆ ಅದಕ್ಕೆ ಬೂಷ್ಟು ಬರುತ್ತದೆ. ಬೆಳಗಾವಿಯಲ್ಲಿ ಮಳೆಯ ಜೊತೆಗೆ ಗಾಳಿ, ಗಾಳಿಯ ಜೊತೆಗೆ ಕೆಮ್ಮು. ಇಷ್ಟು ಲೋಕಸಂಚಾರ ಮಾಡಿದ ಮೇಲೆ ನಾನು ಒಂದು ನಿರ್ಣಯಕ್ಕೆ ಬಂದಿದ್ದೆ. ಈ ಭೂಮಿ ಒದ್ದೆಯಾಗಿದೆ, ಥಂಡಿಯಾಗಿದೆ. ಇದರ ಮೇಲೆ ಹುಟ್ಟುವ ಕೂಸುಗಳನ್ನು ಚೆನ್ನಾಗಿ ಸುತ್ತಿ ಇಡಬೇಕು.

ಸಾಲೆ ಕಲಿತದ್ದು ಮೂರನೇ ಇಯತ್ತೆಯವರೆಗೆ. ಭೂಗೋಳ ನಾಲ್ಕನೇ ಇಯತ್ತೆಯಲ್ಲಿತ್ತು.

ಯುಗಾದಿಯ ಬೆನ್ನಿಗೆ ಬಳ್ಳಾರಿಯಿಂದ ತಾರು ಬಂತು. ನಮ್ಮ ಸೊಸೆ ಶಾಂತಾ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಹೆಣ್ಣು ಕೂಸು, ಇಬ್ಬರೂ ಕ್ಷೇಮ. ತಾರು ತಂದವನಿಗೆ ಸಕ್ಕರೆ ಕೊಟ್ಟೆ. ಅವನು ಇನ್ನೂ ಅಂಗಳದಲ್ಲೇ ಇದ್ದನೆಂದು ಮತ್ತೊಮ್ಮೆ ಕೊಟ್ಟೆ. ಮೂರನೆಯ ಸಲ ಡಬ್ಬಿ ಹಿಡಿದು ಹೊರಬಂದಾಗ ನಮ್ಮ ಮನೆಯವರು ಅವನನ್ನು ಸೈಕಲ್ಲಿಗೆ ಹತ್ತಿಸಿ ಕಳಿಸಿಬಿಟ್ಟರು.

ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಗಂಡನ ಕಡೆಯವರು ಕುಂಚಿಗೆ ಒಯ್ಯಬೇಕು. ಕುಂಚಿಗೆ ಎಂದರೆ ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಟೊಪ್ಪಿಗೆ. ಅದನ್ನು ನನ್ನ ಕೈಯಾರೆ ಕಟ್ಟಿ, ಮೊಮ್ಮಗಳನ್ನು ಉಡಿಯಲ್ಲಿ ಮಲಗಿಸಿಕೊಳ್ಳಬೇಕು. ಜೀವನದಲ್ಲಿ ನನಗೆ ಉಳಿದಿದ್ದ ಆಸೆ ಅದೊಂದೇ.

ಬೆಳಗಾವಿಗೆ ಹೋಗಿ ಉಣ್ಣೆ ತಂದೆ. ಒಳಗೆ ಫ್ಲಾನೆಲ್ ಹಚ್ಚಿದೆ. ಮಳೆಗಾಲ ದೂರವಿಲ್ಲವೆಂದು ನಡುವೆ ಒಂದು ಕಂಬಳಿಯ ತುಂಡು ಸೇರಿಸಿದೆ. ಹೊಲಿದು ಮುಗಿಸಿದಾಗ ಆ ಕುಂಚಿಗೆ ಒಳಗೆ ಕೂಸಿಲ್ಲದೆಯೂ ತಾನೇ ನೆಟ್ಟಗೆ ನಿಲ್ಲುತ್ತಿತ್ತು. ಇನ್ನು ಶೇಗಡಿ. ಬಾಣಂತಿಯ ಮಂಚದ ಕೆಳಗೆ ಕೆಂಡ ತುಂಬಿದ ಶೇಗಡಿ ಇಟ್ಟು, ಮೇಲೆ ಅಜವಾನ ಉದುರಿಸಿ ಹೊಗೆ ಕೊಟ್ಟರೆ ತಾಯಿಗೂ ಕೂಸಿಗೂ ಥಂಡಿ ತಾಗುವುದಿಲ್ಲ. ನನ್ನ ಅತ್ತೆ ನನಗೆ ಹಾಗೇ ಮಾಡಿದ್ದಳು. ಬಳ್ಳಾರಿಯಂಥ ದೂರದ ಊರಲ್ಲಿ ಒಳ್ಳೆಯ ಶೇಗಡಿ ಸಿಗುತ್ತದೋ ಇಲ್ಲವೋ. ನಮ್ಮದನ್ನೇ ಕಟ್ಟಿದೆ. ಇದ್ದಲಿ ಸಿಗುತ್ತದೋ ಇಲ್ಲವೋ. ಲೋಂಡಾದ ಅಕ್ಕನಿಂದ ಒಂದು ಚೀಲ ಇದ್ದಲಿ ತರಿಸಿದೆ.

ನಮ್ಮ ಮನೆಯವರದು ಮಾತು ಕಡಿಮೆ. ಇದನ್ನೆಲ್ಲ ನೋಡಿ ಒಂದೇ ಮಾತು ಹೇಳಿದರು.

"ಬಳ್ಳಾರಿಯೊಳಗ ಬಿಸಲು ಭಾಳ ಅಂತಾರ."

"ಬಿಸಲು ಹೊರಗಿರತೈತಿ," ಅಂದೆ. "ಬಾಣಂತಿ ಒಳಗಿರತಾಳ."

ಅವರು ಚೀಲ ಎತ್ತಿಕೊಂಡರು.

ಖಾನಾಪುರದಲ್ಲಿ ರೈಲು ಹತ್ತುವಾಗ ಬೆಳಗಿನ ಗಾಳಿ ತಂಪಾಗಿತ್ತು. ನಾನು ಸ್ವೆಟರು ಹಾಕಿ, ಮೇಲೆ ಶಾಲು ಹೊದ್ದು, ಕಿವಿಗೆ ಮಫ್ಲರು ಸುತ್ತಿದ್ದೆ. ಲೋಂಡಾದಲ್ಲಿ ಹುಬ್ಬಳ್ಳಿಯ ರೈಲಿಗೆ ಬದಲಾಯಿಸಿದೆವು. ಅಲ್ಲಿ ಕಾಡಿನ ಮಂಜು ಕಂಡು ನನ್ನ ಭೂಗೋಳ ಸರಿಯಾಗಿದೆ ಎಂದು ಮನೆಯವರಿಗೆ ತೋರಿಸಿದೆ. ಧಾರವಾಡದಲ್ಲಿ ಮಫ್ಲರು ತೆಗೆದೆ. ಹುಬ್ಬಳ್ಳಿಯಲ್ಲಿ ಶಾಲು ತೆಗೆದೆ. ಗದಗಿನಲ್ಲಿ ಸ್ವೆಟರು ತೆಗೆದೆ. ತೆಗೆದದ್ದನ್ನೆಲ್ಲ ಮನೆಯವರ ಹೆಗಲಿಗೆ ಹಾಕುತ್ತ ಹೋದೆ. ಕೊಪ್ಪಳ ಬರುವ ಹೊತ್ತಿಗೆ ನನಗೆ ತೆಗೆಯಲು ಏನೂ ಉಳಿದಿರಲಿಲ್ಲ, ಅವರಿಗೆ ಹೊರಲು ಜಾಗ ಉಳಿದಿರಲಿಲ್ಲ. ಎದುರು ಕುಳಿತ ಗೃಹಸ್ಥರು ಮನೆಯವರನ್ನು ಬಹಳ ಹೊತ್ತು ನೋಡಿ, ಉಣ್ಣೆ ಅರಿವೆಯ ವ್ಯಾಪಾರ ಹೇಗಿದೆ ಎಂದು ಕೇಳಿದರು. ಸೀಸನ್ ಅಲ್ಲ ಎಂದರು ಮನೆಯವರು.

ಬಳ್ಳಾರಿ ಸ್ಟೇಶನ್ನಿನಲ್ಲಿ ಇಳಿದಾಗ ಸಂಜೆಯಾಗುತ್ತ ಬಂದಿತ್ತು. ಆದರೂ ಯಾರೋ ಎದುರಿಗೆ ಒಲೆಯ ಬಾಯಿ ತೆರೆದು ಹಿಡಿದಂತಿತ್ತು. ಹಮಾಲ ಚೀಲ ಎತ್ತಿ, ಒಳಗೆ ಏನಿದೆ ಎಂದು ಕೇಳಿದ.

"ಇದ್ದಲಿ," ಅಂದೆ.

"ಎಲ್ಲಿಗೆ ಅಮ್ಮಾ?"

"ಬಾಣಂತಿ ಕೋಣಿಗೆ."

ಅವನು ಚೀಲ ಕೆಳಗಿಟ್ಟ. ಒಮ್ಮೆ ಸೂರ್ಯನನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ, ಆಮೇಲೆ ಮನೆಯವರನ್ನು ನೋಡಿದ. ಅವರು ನನ್ನ ಪರಿಚಯವೇ ಇಲ್ಲದವರಂತೆ ರೈಲಿನ ಎಂಜಿನ್ನು ನೋಡುತ್ತಿದ್ದರು.

ಬೀಗರ ಮನೆಯಲ್ಲಿ ಕಂಡದ್ದು ನನ್ನ ಎದೆ ಒಡೆಯುವಂಥ ನೋಟ. ಕಿಟಕಿಗಳು ಪೂರ್ತಿ ತೆರೆದಿದ್ದವು. ಬಾಗಿಲಿಗೆ ಒದ್ದೆ ಗೋಣಿತಟ್ಟು ತೂಗುಬಿಟ್ಟಿದ್ದರು. ಬಾಣಂತಿಯ ಕಿವಿಗೆ ಅರಿವೆ ಇಲ್ಲ. ಮೊಮ್ಮಗಳು, ನನ್ನ ಬಂಗಾರ, ಒಂದು ಲಂಗೋಟಿ ಬಿಟ್ಟರೆ ಬರಿಮೈಯಲ್ಲಿ ಮಲಗಿದ್ದಳು. ಎಂಥ ಮನೆಯಿಂದ ಸೊಸೆ ತಂದೆವಪ್ಪ ಎಂದುಕೊಂಡೆ. ಬೀಗತಿ ಗಂಗಮ್ಮ ಕೂಸನ್ನು ನನ್ನ ಉಡಿಗೆ ಕೊಡಲು ಬಂದಳು. ಬೇಡ ಅಂದೆ. ಕೊಡುವುದಿದ್ದರೆ ನಾಳೆ ಕುಂಚಿಗೆ ಕಟ್ಟಿಯೇ ತಗೊಳ್ಳುತ್ತೇನೆ ಅಂದೆ. ಆ ಸಮಯ ನೆನಪಾದರೆ ಈಗಲೂ ನನ್ನ ಬಾಯಿಗೆ ನಾನೇ ಬೀಗ ಹಾಕಬೇಕೆನಿಸುತ್ತದೆ.

ಮರುದಿನ ಸಂಜೆ ತೊಟ್ಟಿಲು. ಓಣಿಯ ಹೆಣ್ಣುಮಕ್ಕಳೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಗಂಗಮ್ಮ ಹೋಳಿಗೆಯ ಗದ್ದಲದಲ್ಲಿದ್ದಳು. ಕೂಸನ್ನು ನಾನು ಸಿಂಗರಿಸಿ ತರುತ್ತೇನೆಂದು ಹೇಳಿ ಕೋಣೆ ಹೊಕ್ಕೆ. ಗೋಣಿತಟ್ಟು ಕಿತ್ತು ಎಸೆದೆ. ಕಿಟಕಿ ಮುಚ್ಚಿದೆ, ಸಂದಿಗೆ ಅರಿವೆ ತುರುಕಿದೆ. ಶೇಗಡಿ ಹೊತ್ತಿಸಿ ಮಂಚದ ಕೆಳಗೆ ದೂಡಿದೆ, ಅಜವಾನ ಹಾಕಿದೆ. ಶಾಂತಾಳ ತಲೆಗೆ ಮಫ್ಲರು ಸುತ್ತಿದೆ. ಕೂಸಿಗೆ ಅಂಗಿ, ಅದರ ಮೇಲೆ ಸ್ವೆಟರು, ಕಾಲಿಗೆ ಕಾಲುಚೀಲ, ಎಲ್ಲಕ್ಕೂ ಮೇಲೆ ಕುಂಚಿಗೆ. ಶಾಂತಾ ಅತ್ತೆಗೆ ಎದುರಾಡುವ ಹುಡುಗಿಯಲ್ಲ. ಅವಳ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಅತ್ಯಾರ, ನಾ ಸ್ವಲ್ಪ ಹೊರಗ ಹೋಗಿ ಬರಲ್ಯಾ?" ಅಂದಳು.

ಬಾಣಂತಿ ಹೊರಗೆ ಹೋದರೆ ಗಾಳಿ ಬಡಿಯುತ್ತದೆ ಎಂದು ತಿಳಿಹೇಳಿ ಮತ್ತೊಂದು ಹಿಡಿ ಅಜವಾನ ಉದುರಿಸಿದೆ.

ಲೋಂಡಾದ ಇದ್ದಲಿ ಸ್ವಲ್ಪ ಹಸಿಯಿತ್ತೆಂದು ಕಾಣುತ್ತದೆ. ಹೊಗೆ ಬಾಗಿಲಿನ ಕೆಳಗಿನಿಂದ ಪಡಸಾಲೆಗೆ ಹರಿಯಿತು, ಅಲ್ಲಿಂದ ಓಣಿಗೆ ಹೋಯಿತು. ಬಳ್ಳಾರಿಯ ಬೇಸಿಗೆಯಲ್ಲಿ ಹೊಗೆ ಕಂಡರೆ ಜನ ಕಾರಣ ಕೇಳುತ್ತ ನಿಲ್ಲುವುದಿಲ್ಲವಂತೆ. ಗಂಗಮ್ಮ ಬಾಗಿಲು ದೂಡಿ ಒಳನುಗ್ಗಿ ಮಗಳನ್ನೂ ಮೊಮ್ಮಗಳನ್ನೂ ಎಳೆದುಕೊಂಡು ಹೋದಳು. ಅವಳ ಬೆನ್ನಿಗೇ ಓಣಿಯ ಗಂಡಸರು ಕೊಡ ಹೊತ್ತು ಬಂದು ಹೊಗೆ ಇದ್ದ ಕಡೆಯೆಲ್ಲ ನೀರು ಸುರಿದರು. ಮೊದಲು ಶೇಗಡಿ ಆರಿತು. ಆಮೇಲೆ ನಾನು ಆರಿದೆ.

ಪಡಸಾಲೆಗೆ ಬಂದಾಗ ಗಂಗಮ್ಮ ಕೂಸಿನ ಮೈಮೇಲಿದ್ದದ್ದನ್ನು ಒಂದೊಂದಾಗಿ ಕಳಚಿ ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು. ಮೈತುಂಬ ಬೆವರುಸಾಲೆ ಎದ್ದಿತ್ತು. ಕುಂಚಿಗೆ ಮೂಲೆಯಲ್ಲಿ ತಾನೇ ನೆಟ್ಟಗೆ ನಿಂತಿತ್ತು.

"ಅಕ್ಕಾರೆ," ಅಂದಳು ಗಂಗಮ್ಮ, ಸಿಟ್ಟಿಲ್ಲದೆ, "ನಮ್ಮೂರಾಗ ಶೇಗಡಿ ನಾವು ಹಚ್ಚೂದಿಲ್ರಿ. ಅದನ್ನ ಮ್ಯಾಲೆ ಹಚ್ಚಿಟ್ಟಿರತಾರ."

ಕೂಸನ್ನು ತೊಟ್ಟಿಲಿಗೆ ಹಾಕಿದ್ದು ಅವಳೇ, ಲಂಗೋಟಿಯಲ್ಲೇ. ನೀಲಾಂಬಿಕಾ ಎಂದು ಹೆಸರಿಟ್ಟರು, ನೀಲಾ ಎಂದು ಕರೆದರು. ಅಷ್ಟು ಎಳೆಯ ಕೂಸಿಗೆ ಮುಖದ ಗುರುತು ಸಿಗುವುದಿಲ್ಲ ಎನ್ನುತ್ತಾರೆ. ನನ್ನ ಮುಖದ ಗುರುತು ಸಿಕ್ಕಿತ್ತು. ನಾನು ತೊಟ್ಟಿಲಿನ ಮೇಲೆ ಬಗ್ಗಿದೊಡನೆ ಚೀರುತ್ತಿತ್ತು, ಹಿಂದೆ ಸರಿದೊಡನೆ ಸುಮ್ಮನಾಗುತ್ತಿತ್ತು. ಬೆವರುಸಾಲೆ ಇಳಿಯಲಿ, ಆಮೇಲೆ ಉಡಿಗೆ ಕೊಡುತ್ತೇನೆ ಎಂದಳು ಗಂಗಮ್ಮ. ನಮ್ಮ ರೈಲು ಬಂತು, ಬೆವರುಸಾಲೆ ಇಳಿಯಲಿಲ್ಲ. ಶೇಗಡಿ, ಇದ್ದಲಿ, ಕುಂಚಿಗೆ, ಮಫ್ಲರು ಎಲ್ಲ ಅಲ್ಲೇ ಬಿಟ್ಟು ಬಂದೆವು. ಆ ಇದ್ದಲಿಯನ್ನು ಕುಟ್ಟಿ ಬೀಗರ ಮನೆಯವರೆಲ್ಲ ಹಲ್ಲು ತಿಕ್ಕುತ್ತಿದ್ದಾರೆಂದು ಆಮೇಲೆ ತಿಳಿಯಿತು.

ತಿಳುವಳಿಕೆ ಬಂದ ಮೇಲೆ ಅದನ್ನು ಬಚ್ಚಿಡುವ ಹೆಂಗಸು ನಾನಲ್ಲ. ಬಳ್ಳಾರಿ ಕಂಡು ಬಂದವಳೆಂದು ಖಾನಾಪುರದ ನಮ್ಮ ಓಣಿಯಲ್ಲಿ ನನಗೆ ಮಾನ ಬಂದಿತ್ತು. ಕೂಸು ಹೊತ್ತವರು ಕಂಡರೆ ನಿಲ್ಲಿಸಿ, ಕೂಸನ್ನು ಹೀಗೆ ಸುತ್ತಬಾರದು, ಗಾಳಿ ಆಡಬೇಕು, ಕಿಟಕಿ ತೆರೆದಿಡಬೇಕು ಎಂದು ಉಪದೇಶ ಮಾಡಿದೆ. ಒಬ್ಬಳ ಕೂಸಿನ ಟೊಪ್ಪಿಗೆಯನ್ನು ನಾನೇ ಬಿಚ್ಚಿದೆ. ಅವರ ಮನೆಯವರು ಈಗಲೂ ನಮ್ಮನ್ನು ಮಾತಾಡಿಸುವುದಿಲ್ಲ.

ಆಷಾಢ ಕಳೆದು ಶ್ರಾವಣ ಬಂತು. ಗಂಗಮ್ಮ ಮಗಳನ್ನೂ ಕೂಸನ್ನೂ ಕರೆದುಕೊಂಡು ಬೆಳಗಾವಿಗೆ, ನಮ್ಮ ಮಗ ಮಲ್ಲುವಿನ ಮನೆಗೆ ಬರುವುದೆಂದು ನಿಶ್ಚಯವಾಯಿತು. ಈ ಸಲ ತಪ್ಪಬಾರದು. ಮನೆಯವರನ್ನು ಖಾನಾಪುರದ ಮನೆ ಕಾಯಲು ಬಿಟ್ಟು ನಾನು ಮುಂಚಿತವಾಗಿ ಬೆಳಗಾವಿಗೆ ಹೋದೆ. ಬಾಣಂತಿ ಕೋಣೆಯನ್ನು ಬಳ್ಳಾರಿಯ ಪದ್ಧತಿಯಂತೆ ಸಜ್ಜು ಮಾಡಿದೆ. ಕಿಟಕಿಗಳನ್ನು ಪೂರ್ತಿ ತೆರೆದೆ. ಬಾಗಿಲಿಗೆ ಒದ್ದೆ ಗೋಣಿತಟ್ಟು ಕಟ್ಟಿದೆ. ಒಂದು ಬೀಸಣಿಕೆ, ತಣ್ಣೀರಿಗೆ ಹೊಸ ಗಡಿಗೆ, ತೆಳ್ಳನೆ ಮಲ್‌ಮಲ್ ಅಂಗಿಗಳು.

ಸಂಜೆ ಮಲ್ಲು ನೌಕರಿಯಿಂದ ಬಂದು ಬಾಗಿಲಲ್ಲೇ ನಿಂತ. ಮಳೆ ಕಿಟಕಿಯಿಂದ ಬಂದು ಮಂಚದವರೆಗೆ ಬೀಳುತ್ತಿತ್ತು.

"ಅವ್ವಾ, ಹೊರಗ ಮಳಿ ಐತಿ," ಅಂದ.

"ಮಳಿ ಹೊರಗೈತಿ. ಕೂಸು ಒಳಗಿರತೈತಿ," ಅಂದೆ. "ಅದು ಬಳ್ಳಾರಿ ಕೂಸು. ಅದಕ್ಕ ತಂಪು ಬೇಕಾಗತೈತಿ."

ಅವನು ತಂದೆಯ ಮಗ. ಅಡಿಗೆಮನೆಗೆ ಹೋದ.

ಗೋಣಿತಟ್ಟಿಗೆ ನೀರು ಚಿಮುಕಿಸುವ ಕೆಲಸ ಬೀಳಲೇ ಇಲ್ಲ. ಬೆಳಗಾವಿಯ ಹವೆಯೇ ಅದನ್ನು ನೋಡಿಕೊಂಡಿತು. ವಾರ ಕಳೆಯುವುದರೊಳಗೆ ಅದರಲ್ಲಿ ಅಣಬೆ ಎದ್ದವು. ಕೋಣೆಯ ತಂಪು ಪರೀಕ್ಷಿಸಬೇಕೆಂದು ನಾನೇ ಅಲ್ಲಿ ಮಲಗುತ್ತಿದ್ದೆ. ಬಹಳ ತಂಪಾಗಿತ್ತು. ಗಂಟಲು ಸ್ವಲ್ಪ ಹಿಡಿದಿತ್ತು, ಅದೇನು ದೊಡ್ಡದಲ್ಲ.

ಅವರು ಬರುವ ದಿನ ಸ್ಟೇಶನ್ನಿಗೆ ಹೋದೆ. ಸುತ್ತ ಜನ ಕೊಡೆ ಹಿಡಿದು, ಗೋಣಿಯ ಕೊಪ್ಪೆ ಹೊದ್ದು ನಡುಗುತ್ತಿದ್ದರು. ನಾನು ತೆಳ್ಳನೆ ಸೀರೆಯಲ್ಲಿ, ಕೂಸಿಗೆ ಗಾಳಿ ಹಾಕಲು ಬೀಸಣಿಕೆ ಹಿಡಿದು ನಿಂತಿದ್ದೆ. ಆ ಬೀಸಣಿಕೆಯನ್ನೇ ತಲೆಗೆ ಮರೆ ಮಾಡಿಕೊಂಡಿದ್ದೆನಾದರೂ ಅದು ಚಿಕ್ಕದು.

ರೈಲು ಬಂತು. ಮೊದಲು ಇಳಿದದ್ದು ಗಂಗಮ್ಮ. ಒಂದು ಕೈಯಲ್ಲಿ ನನ್ನ ಶೇಗಡಿ, ಇನ್ನೊಂದರಲ್ಲಿ ಇದ್ದಲಿಯ ಚೀಲ, ಕಿವಿಗೆ ನನ್ನ ಮಫ್ಲರು. ಆಮೇಲೆ ಶಾಂತಾ ಇಳಿದಳು. ಅವಳ ಹಿಂದೆ, ಖಾನಾಪುರದಲ್ಲಿ ಮನೆ ಕಾಯುತ್ತಿರಬೇಕಾದ ನಮ್ಮ ಮನೆಯವರು. ಅವರ ತೋಳಿನಲ್ಲಿ ನನ್ನ ಕುಂಚಿಗೆ; ಕುಂಚಿಗೆಯೊಳಗೆ ನೀಲಾ, ಬೆಚ್ಚಗೆ ಮಲಗಿದ್ದಳು.

ಎಲ್ಲಿ ಹತ್ತಿದಿರಿ ಎಂದು ಅವರನ್ನು ಕೇಳಿದೆ.

"ರೈಲು ಖಾನಾಪುರದ ಮ್ಯಾಲೆ ಹಾಯ್ದಽ ಬರತೈತಲ್ಲ," ಅಂದರು. "ನಾ ಅಲ್ಲೇ ಹತ್ತಿದೆ. ಅಲ್ಲಿಂದ ಇಲ್ಲೀತನಕ ನನ್ನ ಉಡಿಯೊಳಗಽ ಇದ್ಳು."

ನಮ್ಮ ಮನೆಯಿಂದ ಕೂಗಳತೆಯಲ್ಲಿದೆ ಖಾನಾಪುರ ಸ್ಟೇಶನ್ನು. ಅಂದರೆ, ನಾನು ಏನೂ ಮಾಡದೆ ಮನೆಯಲ್ಲೇ ಕುಳಿತಿದ್ದರೆ ಮೊಮ್ಮಗಳು ಬಾಗಿಲಿಗೇ ಬರುತ್ತಿದ್ದಳು. ಆದರೂ ಇರಲಿ ಎಂದು ಎರಡೂ ಕೈ ಚಾಚಿದೆ. ಚಾಚಿದವಳು ಸೀನಿದೆ. ಆ ಸೀನಿಗೆ ಹಮಾಲನೊಬ್ಬ ತಲೆಯ ಮೇಲಿನ ಟ್ರಂಕು ಇಳಿಸಿ ನೋಡಿದ. ಗಂಗಮ್ಮ ಕೂಸನ್ನು ತನ್ನ ಸೆರಗಿನೊಳಗೆ ಎಳೆದುಕೊಂಡಳು.

"ಅಕ್ಕಾರೆ, ನಿಮಗ ನೆಗಡಿ ಆಗೇತ್ರಿ. ಆರಾಮ ಆಗೂತನಕ ಕೂಸು ಮುಟ್ಟಬ್ಯಾಡ್ರಿ."

ಮನೆಗೆ ಬರುವ ಹೊತ್ತಿಗೆ ಜ್ವರವೂ ಬಂದಿತ್ತು. ಗಂಗಮ್ಮ ಗೋಣಿತಟ್ಟು ಬಿಚ್ಚಿ ಎಸೆದಳು, ಕಿಟಕಿ ಮುಚ್ಚಿದಳು, ಸಂದಿಗೆ ಅರಿವೆ ತುರುಕಿದಳು. ಬಾಣಂತಿಯನ್ನೂ ಕೂಸನ್ನೂ ಪಡಸಾಲೆಯಲ್ಲಿ ಮಲಗಿಸಿ, ಬಾಣಂತಿ ಕೋಣೆಯ ಮಂಚದ ಮೇಲೆ ನನ್ನನ್ನು ಹಾಕಿದರು. ಹಲ್ಲು ತಿಕ್ಕಿ ಉಳಿದ ಇದ್ದಲಿಯನ್ನು ಶೇಗಡಿಗೆ ತುಂಬಿ ಮಂಚದ ಕೆಳಗೆ ಇಟ್ಟರು. ಅಜವಾನದ ಹೊಗೆ ಕೊಟ್ಟರು. ಮಫ್ಲರನ್ನು ನನ್ನ ಕಿವಿಗೆ ಬಿಗಿದರು. ಬೇಸಿಗೆಯ ಉದ್ದಕ್ಕೂ ಗೂಡಿನಲ್ಲಿಟ್ಟದ್ದರಿಂದಲೋ ಏನೋ, ಈ ಸಲ ಇದ್ದಲಿ ಚೆನ್ನಾಗಿ ಒಣಗಿತ್ತು. ಬಳ್ಳಾರಿಯ ಗೂಡಲ್ಲವೇ.

ಮರುದಿನ ಓಣಿಯ ಅಜ್ಜಿಯೊಬ್ಬರು ಬಾಣಂತಿಯನ್ನು ನೋಡಲು ಬಂದರು. ಬಹಳ ವಯಸ್ಸಾದವರು, ಕಣ್ಣು ಮಂಜು. ಸೀದಾ ಹೊಗೆ ತುಂಬಿದ ಕೋಣೆಗೆ ಬಂದು, ಕಿವಿ ಕಟ್ಟಿಕೊಂಡು ಮಂಚದ ಮೇಲೆ ಕುಳಿತಿದ್ದ ನನ್ನ ಗಲ್ಲ ಸವರಿದರು. ಬಾಣಂತಿಗೆಂದು ತಂದ ಅಂಟಿನ ಉಂಡಿಯ ಡಬ್ಬಿಯನ್ನು ನನ್ನ ಕೈಗಿಟ್ಟರು.

"ಹೆರಿಗಿ ಸಲೀಸ ಆತೇನವ್ವ?" ಅಂದರು.

ನನಗೆ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ಬಾಗಿಲಲ್ಲಿ ಮನೆಯವರು ನಿಂತಿದ್ದರು, ನೀಲಾಳನ್ನು ಎತ್ತಿಕೊಂಡು.

"ಸಲೀಸ ಆತ್ರಿ," ಅಂದರು. "ತಾಯಿ ಮಗಳು ಇಬ್ಬರೂ ಆರಾಮ ಅದಾರ."

ಅಜ್ಜಿ ನನ್ನನ್ನು ಹರಸಿ, ಇನ್ನೊಂದು ಗಂಡಾಗಲಿ ಎಂದು ಹೇಳಿ ಹೋದರು. ಶಾಂತಾ ಪಡಸಾಲೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಕುಳಿತಿದ್ದಳಂತೆ. ಉಂಡಿಗಳನ್ನು ನಾನೇ ತಿಂದೆ. ಬಾಣಂತನಕ್ಕೆ ಒಳ್ಳೆಯದು.

ನೆಗಡಿ ಪೂರ್ತಿ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಗಂಗಮ್ಮ ತಾನಾಗಿಯೇ ಬಂದು ನೀಲಾಳನ್ನು ನನ್ನ ಉಡಿಯಲ್ಲಿ ಮಲಗಿಸಿದಳು. ಕೂಸು ಕಣ್ಣು ಬಿಟ್ಟು ನನ್ನನ್ನು ನೋಡಿತು. ಚೀರಲಿಲ್ಲ. ಮಫ್ಲರಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಸೀರೆ ಒದ್ದೆ ಮಾಡಿ, ನಿದ್ದೆ ಹೋಯಿತು. ನಾನು ಅಲುಗಾಡಲಿಲ್ಲ. ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ. ಹೊರಗೆ ಬಿಸಿಲಿತ್ತೋ ಮಳೆಯಿತ್ತೋ, ಶೇಗಡಿಯಲ್ಲಿ ಕೆಂಡವಿತ್ತೋ ಆರಿತ್ತೋ, ಅದನ್ನೆಲ್ಲ ನೋಡುವ ಪುರಸೊತ್ತು ಯಾರಿಗಿತ್ತು.

ಶಾಂತಾ ಬಾಗಿಲಲ್ಲಿ ಇಣುಕಿದಳು.

"ಅತ್ಯಾರ, ಕಿಡಕಿ ತೆಗೀಲೋ, ಮುಚ್ಚಲೋ?"

ಐದು ಊರಿನ ಹವೆ ಬಲ್ಲವಳು ನಾನು.

"ನಿಮ್ಮವ್ವನ್ನ ಕೇಳು," ಅಂದೆ.