ನನ್ನ ಗಂಧೆ, ಭಾವನ ಮಹಜರು

ನಮ್ಮ ಭಾವನನ್ನು ಕಂಡರೆ ವಿಜಯನಗರ ಮಾರ್ಕೆಟ್ಟಿನ ಬದನೆಕಾಯಿಗಳು ತಾವಾಗಿಯೇ ಗೋಣಿಚೀಲದೊಳಗೆ ಹೋಗಿ ಕೂರುತ್ತವೆ. ನಗಬೇಡಿ! ನನ್ನ ಮೈಮೇಲೆ ಗಂಧೆ ಎದ್ದ ಆ ಮೂರು ತಿಂಗಳು ಅವರು ಬದನೆಕಾಯಿ ಕುಲಕ್ಕೆ ಕೊಟ್ಟ ಕಾಟವನ್ನು ಕಣ್ಣಾರೆ ಕಂಡವಳು ನಾನು.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೇ, ತೂಕದ ಬಟ್ಟು ಸವೆದಿದೆಯೇ ಎಂದು ನೋಡುವ ಸರ್ಕಾರಿ ಇನ್‌ಸ್ಪೆಕ್ಟರಾಗಿದ್ದವರು. ಸರ್ಕಾರವೇನೋ ಹಾರ ಹಾಕಿ, ಶಾಲು ಹೊದಿಸಿ ನಿವೃತ್ತಿ ಕೊಟ್ಟು ಕಳಿಸಿತು. ಅವರು ಅದನ್ನು ಒಪ್ಪಿಕೊಂಡ ಹಾಗೆ ಕಾಣುವುದಿಲ್ಲ. ಕೆಂಗೇರಿ ಉಪನಗರದ ಅವರ ಮನೆಯಲ್ಲಿ ಇವತ್ತಿಗೂ ಅಕ್ಕಿ ಮೂಟೆ ತೂಗಿಸಿಕೊಳ್ಳದೆ ಹೊಸಿಲು ದಾಟುವಂತಿಲ್ಲ. ನೆಂಟರು ಪ್ರೀತಿಯಿಂದ ತಂದ ಸ್ವೀಟ್ ಬಾಕ್ಸನ್ನು ಅಂಗೈಯಲ್ಲಿಟ್ಟು ಒಮ್ಮೆ ಮೇಲೆ ಕೆಳಗೆ ಆಡಿಸಿ, "ಡಬ್ಬಾ ತೂಕಾನೂ ಸೇರಿಸಿದಾನೆ ನೋಡಿ" ಎಂದು ತಂದವರ ಮುಖವನ್ನೇ ಮರುಕದಿಂದ ನೋಡುತ್ತಾರೆ. ಅಂಥವರ ಮನೆಗೆ ಯಾರು ತಾನೇ ಸ್ವೀಟ್ ತರುತ್ತಾರೆ? ನಾವೆಲ್ಲ ಈಗ ಬಾಳೆಹಣ್ಣು ತೆಗೆದುಕೊಂಡು ಹೋಗುತ್ತೇವೆ.

ನಾನು ಅತ್ತಿಗುಪ್ಪೆಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವವಳು. ನನಗೆ ಮಕ್ಕಳಿಲ್ಲ. ಅಕ್ಕನ ಮಗಳು ಪುಟ್ಟಿಯೇ ನನಗೆಲ್ಲ. ಅವಳ ಮೊದಲ ಅಂಗಿಯಿಂದ ಕಾಲೇಜಿನ ಚೂಡಿದಾರದವರೆಗೆ ಎಲ್ಲವನ್ನೂ ನಾನೇ ಹೊಲಿದಿದ್ದೇನೆ. ಅವಳಿಗೆ ಮದುವೆ ಗೊತ್ತಾಗಿ, ಮದುವೆಯ ಬ್ಲೌಸಿಗೆ ಕತ್ತರಿ ಹಾಕಲು ಕೂತ ವಾರವೇ, ಸೋಮವಾರ ಸಂಜೆ ನನ್ನ ಮುಂಗೈ ಮೇಲೆ ಕೆಂಪಗೆ ನಾಲ್ಕು ದದ್ದು ಎದ್ದವು. ಸೊಳ್ಳೆ ಎಂದುಕೊಂಡೆ. ಸ್ವಲ್ಪ ಹೊತ್ತಿನಲ್ಲೇ ಅವು ಒಂದಕ್ಕೊಂದು ಸೇರಿಕೊಂಡು ಮೊಣಕೈ ದಾಟಿ, ಕುತ್ತಿಗೆ ಬಳಸಿ, ಬೆನ್ನಿಗೆ ಇಳಿದವು. ಕೆರೆದು ಕೆರೆದು ಸಾಕಾಯಿತು. ಬೆಳಿಗ್ಗೆ ನೋಡಿದರೆ ಒಂದು ಗುರುತೂ ಇಲ್ಲ! ಸಂಜೆ ಮತ್ತೆ ಹಾಜರು. ಪಿತ್ತದ ಗಂಧೆ ಎಂದರು ಎಲ್ಲರೂ. ಯಾಕೆ ಬಂತೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಸುದ್ದಿ ಕೆಂಗೇರಿಗೆ ಮುಟ್ಟಿತು. ಮಾರನೆಯ ದಿನವೇ ಭಾವ ಮೆಟ್ರೋ ಇಳಿದು, ಹಳೆಯ ಆಫೀಸು ಬ್ಯಾಗು ಕಂಕುಳಲ್ಲಿಟ್ಟುಕೊಂಡು ಬಂದರು. ಚಪ್ಪಲಿ ಬಿಡುವ ಮೊದಲೇ ಆಜ್ಞೆ.

"ಮದುವೆಗೆ ಇನ್ನು ಮೂರು ತಿಂಗಳಿದೆ. ಅರಿಶಿನದ ದಿನ ನೀನು ಮಗು ಪಕ್ಕದಲ್ಲಿರ್ಬೇಕು. ಅಷ್ಟರಲ್ಲಿ ಆರೋಪಿ ಸಿಗ್ಲೇಬೇಕು ಕಣಮ್ಮ. ಹೇಳು, ಸೋಮವಾರ ಏನ್ ತಿಂದೆ?"

"ಬದನೆಕಾಯಿ ಹುಳಿ, ಭಾವ."

"ನಂಜು!" ಎಂದರು. ನಮ್ಮ ಕಡೆ ಮೈಗೆ ಏನೇ ಆದರೂ ಮೊದಲ ಗುಮಾನಿ ನಂಜಿನ ಪದಾರ್ಥಗಳ ಮೇಲೆ. ಬದನೆಕಾಯಿ, ಕುಂಬಳಕಾಯಿ, ಕಡಲೆಕಾಯಿ ಬೀಜ ಇವೆಲ್ಲ ಹಳೇ ಕೇಡಿಗಳು. ಭಾವ ಅಡುಗೆಮನೆಗೆ ನುಗ್ಗಿ ಮೂವರನ್ನೂ ಮುಟ್ಟುಗೋಲು ಹಾಕಿಕೊಂಡರು. ಹಾಳೆಯ ಮೇಲೆ ಮಹಜರು ಬರೆದು, ಚೀಲದ ಬಾಯಿಗೆ ದಾರ ಕಟ್ಟಿ, ಚೀಟಿ ಅಂಟಿಸಿ, ನನ್ನಿಂದ ಸಹಿಯನ್ನೂ ಹಾಕಿಸಿಕೊಂಡು ಹೊರಟರು. ನನ್ನ ಮನೆಯ ತರಕಾರಿಗೆ ನಾನೇ ಸಾಕ್ಷಿ! ಸಂಜೆ ಅಕ್ಕನ ಫೋನು ಬಂತು.

"ನಿನ್ ಬದನೆಕಾಯಿ ತುಂಬಾ ಎಳೇದಿತ್ತು ಕಣೇ. ಕಡಲೆಕಾಯಿ ಬೀಜ ಹುರಿದು ಹಾಕಿ ಎಣ್ಣೆಗಾಯಿ ಮಾಡ್ದೆ. ನಿಮ್ ಭಾವ ಎರಡು ಸಲ ಹಾಕಿಸ್ಕೊಂಡ್ರು."

ಬದನೆಕಾಯಿ ಬಿಟ್ಟರೂ ಗಂಧೆ ಬಿಡಲಿಲ್ಲ. ಕುಂಬಳಕಾಯಿ ಬಿಟ್ಟೆ, ಮೊಟ್ಟೆ ಬಿಟ್ಟೆ, ಕೊನೆಗೆ ಅನ್ನ ತಿಳಿಸಾರಿಗೆ ಬಂದು ನಿಂತೆ. ಗುಮಾನಿ ಸೋಪಿನ ಪುಡಿಗೆ ಹೋಯಿತು, ಮಿಷನ್ನಿನ ಎಣ್ಣೆಗೆ ಹೋಯಿತು, ಹೊಸ ಲೈನಿಂಗ್ ಬಟ್ಟೆಯ ಬಣ್ಣಕ್ಕೆ ಹೋಯಿತು. ಎಲ್ಲರೂ ನಿರ್ದೋಷಿಗಳು! ಬೇಸತ್ತ ಅಕ್ಕ ಒಂದು ದಿನ ತಮಾಷೆಗೆ ಅಂದಳು, "ರೀ, ನೀವು ಹೋದಾಗ್ಲೇ ಅವ್ಳಿಗೆ ಏಳೋದು, ಗಮನಿಸಿದೀರಾ?"

ಭಾವ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು. ದಿನವೂ ತಪ್ಪದೆ ಬರುತ್ತಿದ್ದ ಮನುಷ್ಯ ನಾಲ್ಕು ದಿನ ನಮ್ಮ ಮನೆಯ ಕಡೆ ತಲೆಹಾಕಲಿಲ್ಲ. ಐದನೆಯ ದಿನ ಫೋನು.

"ನಿನ್ನೆ ಬಂತಾ?"

"ಬಂತು ಭಾವ. ನಾಲ್ಕು ದಿನಾನೂ ಬಂತು."

"ಅಬ್ಬಾ! ಹಾಗಾದ್ರೆ ನಾನಲ್ಲ!" ಎಂದು ಕೂಗಿದರು. ನನ್ನ ಮೈತುಂಬ ಗಂಧೆ ಎದ್ದಿದ್ದಕ್ಕೆ ಭೂಮಿಯ ಮೇಲೆ ಖುಷಿಪಟ್ಟವರು ಅವರೊಬ್ಬರೇ ಇರಬೇಕು.

ಕಾರಣ ಸಿಗದಿದ್ದರೇನು, ಮದ್ದಿಗೆ ಬರವೇ? ದೊಡ್ಡಪತ್ರೆ ಸೊಪ್ಪನ್ನು ಅರೆದು ಮೈಗೆ ಹಚ್ಚಿಸಿದರು. ನಾನು ಮಸಾಲೆ ರುಬ್ಬಿದ ಒರಳಿನ ಹಾಗೆ ಘಮಘಮಿಸುತ್ತಿದ್ದೆ. ಜೀರಿಗೆ ಕಷಾಯ ಕುಡಿಸಿದರು. ಕೊನೆಗೆ ಎಲ್ಲಿಂದಲೋ ಒಂದು ಕರಿ ಕಂಬಳಿ ತಂದರು. ಕಂಬಳಿ ಹೊದ್ದು ಕೂತರೆ ಗಂಧೆ ಇಳಿಯುತ್ತದೆ ಎನ್ನುವುದು ನಮ್ಮ ಕಡೆಯ ಹಳೆಯ ನಂಬಿಕೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಫ್ಯಾನು ಆರಿಸಿ, ತಲೆಯಿಂದ ಕಾಲಿನವರೆಗೆ ಹೊದಿಸಿ, ಕೈಗಡಿಯಾರ ನೋಡುತ್ತ ಕೂತರು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಾಗಿಲಿಗೆ ಬಂದು, "ಆಂಟಿ ಇಲ್ವಾ?" ಎಂದರು. ಮಿಷನ್ನಿನ ಪಕ್ಕದ ಕರಿ ಗುಡ್ಡೆ, "ಇದ್ದೀನಿ, ಬನ್ನಿ" ಎಂದಿತು. ಆಕೆ ಚೀರಿಕೊಂಡು ಓಡಿದ್ದು ನಮ್ಮ ಬೀದಿಯ ಕೊನೆಯವರೆಗೂ ಕೇಳಿಸಿತಂತೆ!

ನಕ್ಕೆ, ನಿಜ. ಆದರೆ ಮಾರನೆಯ ದಿನ ಆಕೆ ತನ್ನ ಬಟ್ಟೆಯನ್ನು ಕತ್ತರಿ ಹಾಕುವ ಮೊದಲೇ ವಾಪಸು ತರಿಸಿಕೊಂಡಾಗ ನಗು ಬರಲಿಲ್ಲ. ಇನ್ನೊಬ್ಬರು ಬಾಗಿಲಲ್ಲೇ ನಿಂತು, "ಅದು ಅಂಟುತ್ತಾ ಆಂಟಿ?" ಎಂದು ಕೇಳಿದರು. ಅಳತೆ ತೆಗೆಯುವಾಗ ಗಿರಾಕಿಗಳ ಮೈ ಹಿಂದಕ್ಕೆ ಸರಿಯುವುದು ನನ್ನ ಟೇಪಿಗೆ ಗೊತ್ತಾಗುತ್ತಿತ್ತು. ಮದುವೆ ಮನೆಯಲ್ಲೂ ಹೀಗೆಯೇ ಎಲ್ಲರೂ ಸರಿದರೆ ಏನು ಮಾಡಲಿ ಎಂಬ ಭಯ ಆಗ ಶುರುವಾಯಿತು.

ಭಾವ ನನ್ನನ್ನು ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದರು. ಪಾಪ, ಚಿಕ್ಕ ವಯಸ್ಸಿನ ಹುಡುಗಿ. ಆಕೆ ನನ್ನನ್ನು ಪರೀಕ್ಷೆ ಮಾಡಿದರೆ ಭಾವ ಆಕೆಯನ್ನೇ ಪರೀಕ್ಷೆ ಮಾಡಿದರು.

"ಕಾರಣ ಏನು ಮೇಡಂ?"

"ಇಷ್ಟು ವಾರ ಬಿಡದೆ ಬರೋ ಗಂಧೇಲಿ ಎಷ್ಟೋ ಜನಕ್ಕೆ ಕಾರಣ ಗೊತ್ತಾಗೋದೇ ಇಲ್ಲ ಸಾರ್. ಮಾತ್ರೆ ಕೊಡ್ತೀನಿ, ದಿನಾ ತಗೊಳ್ಲಿ. ಬಂದ ಹಾಗೇ ಒಂದಿನ ಹೋಗುತ್ತೆ. ತುಟಿ ಊದಿಕೊಂಡ್ರೆ, ಉಸಿರಾಟಕ್ಕೆ ಕಷ್ಟ ಆದ್ರೆ ಮಾತ್ರ ತಕ್ಷಣ ಆಸ್ಪತ್ರೆಗೆ ಹೋಗಿ. ಅದೂ ಇದೂ ಊಟ ಬಿಡಿಸ್ಬೇಡಿ."

"ಅಂಟುತ್ತಾ?"

"ಖಂಡಿತ ಇಲ್ಲ."

"ಅದನ್ನ ಬರೆದು, ಸಹಿ ಹಾಕಿ, ಸೀಲ್ ಒತ್ತಿ ಕೊಡಿ ಮೇಡಂ."

ಪುಣ್ಯಾತ್ಗಿತ್ತಿ ಕೊಟ್ಟರು. ಭಾವ ಆ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ, ನನ್ನ ಮಿಷನ್ನಿನ ಮೇಲೆ, ದೇವರ ಫೋಟೋದ ಪಕ್ಕ ಮೊಳೆ ಹೊಡೆದು ನೇತುಹಾಕಿದರು. ಅಂಗಡಿಗಳಲ್ಲಿ ತಕ್ಕಡಿಯ ಸರ್ಟಿಫಿಕೇಟನ್ನು ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿಸಿಯೇ ಸರ್ವಿಸ್ ಮುಗಿಸಿದವರಲ್ಲವೇ! ಪರಿಣಾಮ ಏನಾಯಿತು ಗೊತ್ತೇ? ಅಲ್ಲಿಯವರೆಗೆ ನನ್ನ ಗಂಧೆಯ ವಿಷಯ ಗೊತ್ತಿಲ್ಲದಿದ್ದವರಿಗೂ ಗೊತ್ತಾಯಿತು. ಅಂಥವರಲ್ಲಿ ಬ್ಲೌಸಿಗೆ ಅಳತೆ ಕೊಡಲು ಬಂದಿದ್ದ, ಮದುವೆ ಗಂಡಿನ ಸೋದರತ್ತೆಯೂ ಒಬ್ಬರು. ಮನೆಗೆ ಹೋದವರೇ ಅಕ್ಕನಿಗೆ ಫೋನು ಮಾಡಿದರು. "ಅರಿಶಿನದ ದಿನ ನಿಮ್ ತಂಗಿ ಸ್ವಲ್ಪ ದೂರ ಇದ್ರೆ ಒಳ್ಳೇದು. ತಪ್ಪು ತಿಳ್ಕೋಬೇಡಿ." ಅಕ್ಕ ಅಳುತ್ತ ನನಗೆ ಹೇಳಿದಳು. ನಾನು ಅವಳಿಗೇ ಸಮಾಧಾನ ಮಾಡಿ ಫೋನಿಟ್ಟೆ. ಆಮೇಲೆ ಪುಟ್ಟಿಯ ಬ್ಲೌಸಿಗೆ ಹುಕ್ಕು ಹಚ್ಚುತ್ತ ಸಂಜೆಯವರೆಗೂ ಅತ್ತೆ.

ಈಗ ನನಗೆ ಗಂಧೆ ಇಲ್ಲ. ಡಾಕ್ಟರು ಹೇಳಿದ ಹಾಗೆ ಬಂದ ದಾರಿಯಲ್ಲೇ ಹೋಯಿತು. ಯಾಕೆ ಬಂತೆಂದು ಇವತ್ತಿಗೂ ಗೊತ್ತಿಲ್ಲ. ಆದರೆ ಮದುವೆಯ ಹೊತ್ತಿಗೆ ಅದು ಹೋಗಿರಲಿಲ್ಲ.

ಅರಿಶಿನ ಶಾಸ್ತ್ರದ ದಿನ ಉದ್ದ ತೋಳಿನ ಬ್ಲೌಸು ತೊಟ್ಟು, ಭಾವನ ಮನೆಯ ಅಡುಗೆಮನೆಯಲ್ಲಿ ತಾಂಬೂಲದ ಚೀಲ ತುಂಬುತ್ತ ಕೂತಿದ್ದೆ. ಹೊರಗೆ ಚಪ್ಪರದಲ್ಲಿ ಪುಟ್ಟಿಯನ್ನು ಹಸೆಮಣೆಯ ಮೇಲೆ ಕೂರಿಸಿದ್ದರು. ಸುತ್ತ ಮುತ್ತೈದೆಯರು, ಅವರ ನಡುವೆ ಆ ಸೋದರತ್ತೆ. ಶಾಸ್ತ್ರದ ಹೊತ್ತಿನಲ್ಲಿ ಗಂಡಸರು ಆ ಚಪ್ಪರದೊಳಗೆ ಕಾಲಿಡುವುದಿಲ್ಲ. ಭಾವ ನೇರ ಅಡುಗೆಮನೆಗೆ ಬಂದರು.

"ಆ ಕಾಗದ ನೇತುಹಾಕಿದ್ದು ನನ್ ತಪ್ಪು ಕಣಮ್ಮ" ಎಂದರು. ಜೀವಮಾನವೆಲ್ಲ ಬೇರೆಯವರ ತಪ್ಪು ಬರೆದುಕೊಂಡವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. "ಎದ್ದೇಳು. ಮೊದಲನೇ ಕೈ ನಿಂದೇ."

"ಬೇಡ ಭಾವ. ಇವತ್ತು ಬೆಳಿಗ್ಗೇನೇ ಎದ್ದಿದೆ ನೋಡಿ" ಎಂದು ತೋಳು ಸರಿಸಿ ತೋರಿಸಿದೆ. ಮುಂಗೈ ತುಂಬ ಕೆಂಪಗೆ ದದ್ದು ಎದ್ದಿದ್ದವು.

"ಏಳ್ಲಿ ಬಿಡು" ಎಂದರು.

ಮೂರು ತಿಂಗಳು ಅದರ ಬೆನ್ನುಹತ್ತಿ ಅಲೆದವರು ಹಾಗೆಂದರು! ನನ್ನನ್ನು ಮುಂದೆ ಬಿಟ್ಟುಕೊಂಡು ಆ ಹೆಂಗಸರ ನಡುವೆ ಬಂದು ನಿಂತರು. ಅರಿಶಿನದ ಬಟ್ಟಲನ್ನು ತಾವೇ ಎತ್ತಿ ನನ್ನ ಮುಂದೆ ಹಿಡಿದರು. "ಇವ್ಳು ಹಚ್ಚದೆ ನನ್ ಮಗಳಿಗೆ ಶಾಸ್ತ್ರ ಶುರುವಾಗಲ್ಲ" ಎಂದರು, ಎಲ್ಲರಿಗೂ ಕೇಳುವ ಹಾಗೆ. ಹೆತ್ತ ತಂದೆ ಇದ್ದರೂ ನನ್ನ ಪರವಾಗಿ ಹೀಗೆ ನಿಲ್ಲುತ್ತಿದ್ದರೋ ಇಲ್ಲವೋ. ಅವರ ಋಣ ನಾನು ಈ ಜನ್ಮದಲ್ಲಿ ತೀರಿಸಲಾರೆ.

ಅರಿಶಿನ ತೆಗೆದುಕೊಂಡು ಪುಟ್ಟಿಯ ಕೆನ್ನೆಗೆ ಸವರಿದೆ. ಒಂದೇ ಕ್ಷಣ, ಕೈ ಹಿಂದಕ್ಕೆ ತೆಗೆಯಲು ಹೋದೆ. ಅವಳು ನನ್ನ ಎರಡೂ ಮುಂಗೈಗಳನ್ನು, ಗಂಧೆ ಎದ್ದಿದ್ದ ಕಡೆಯೇ, ಬಿಗಿಯಾಗಿ ಹಿಡಿದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಇನ್ನೂ ಸ್ವಲ್ಪ ಹೊತ್ತು ಇರ್ಲಿ ಚಿಕ್ಕಮ್ಮ" ಎಂದಳು.