ದಾರಿಯಪ್ಪ ಕೊಂಡ ನಕ್ಷೆ

ಆಳೆತ್ತರದ ಒಂದು ಕನ್ನಡಿ ಎರಡು ಗಂಟೆ ತಡವಾಗಿ ತಲುಪಿದ್ದೇ ಎಲ್ಲಕ್ಕೂ ಮೂಲ.

ಕನ್ನಡಿ ಹೋಗಬೇಕಾಗಿದ್ದದ್ದು ಊರಿನ ಆಚೆ ತುದಿಯ ಹೊಸ ಬಡಾವಣೆಗೆ. ಒಯ್ದವನು ಗಾಜಿನ ಅಂಗಡಿಯ ವ್ಯಾನ್ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ಊರಿನ ಮೂಲೆಮೂಲೆಗೂ ಕಿಟಕಿ ಗಾಜು ಮುಟ್ಟಿಸಿದವನು; ಒಮ್ಮೆಯೂ ಯಾರನ್ನೂ ದಾರಿ ಕೇಳಿದವನಲ್ಲ. ಅದಕ್ಕೇ ಅಂಗಡಿಯಲ್ಲಿ ಅವನಿಗೆ ದಾರಿಯಪ್ಪ ಎಂದು ಹೆಸರು ಬಿದ್ದಿತ್ತು. ಆದರೆ ಈ ಹೊಸ ಬಡಾವಣೆ ಅವನ ಮಾನ ಕಳೆಯಲೆಂದೇ ಹುಟ್ಟಿದಂತಿತ್ತು. ಅಲ್ಲಿ ಹದಿನೇಳನೇ ಬೀದಿಯ ಪಕ್ಕ ನಾಲ್ಕನೆಯದು, ನಾಲ್ಕರ ಬೆನ್ನಿಗೆ ಮೂವತ್ತೊಂದು. ಮನೆಗಳೋ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವು. ಒಂದು ನಾಯಿ ಮೂರು ಸಲ ಎದ್ದು ನಿಂತು ಅವನ ವ್ಯಾನಿಗೆ ಬೊಗಳಿತು. ನಾಲ್ಕನೇ ಸಲ ಪರಿಚಯದವನೆಂದು ಸುಮ್ಮನೆ ಮಲಗಿತು.

ವಾಪಸು ಬಂದಾಗ ಯಜಮಾನರು ಕೇಳಿದರು, “ಯಾಕಪ್ಪ ಇಷ್ಟು ಹೊತ್ತು?”

“ಟ್ರಾಫಿಕ್ಕು, ಯಜಮಾನ್ರೆ.”

ಯಜಮಾನರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಮ್ಮೆ ನೋಡಿದರು. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿಯುವ ಕಣ್ಣು ಅದು. ಎರಡನೇ ವ್ಯಾನಿಗೆಂದು ಬಂದಿದ್ದ ಡ್ರೈವರ್ ಒಬ್ಬ ದಾರಿ ಕೇಳುತ್ತ ಹಳ್ಳಕೊಳ್ಳ ಹತ್ತಿಳಿದು ಆರು ಗಾಜು ಪುಡಿ ಮಾಡಿ ತಂದಾಗ, ಅವನನ್ನು ಮೂರನೇ ದಿನಕ್ಕೇ ಮನೆಗೆ ಕಳಿಸಿದವರು. “ದಾರಿ ಗೊತ್ತಿಲ್ಲದ ಡ್ರೈವರು, ಹಲ್ಲಿಲ್ಲದ ಗರಗಸ, ಎರಡೂ ನನಗೆ ಬೇಡ” ಎನ್ನುವುದು ಅವರ ವೇದವಾಕ್ಯ.

ದಾರಿಯಪ್ಪನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದವನೇ ಅಟ್ಟದ ಮೇಲಿನ ಡಬ್ಬದಿಂದ ಜಿಪಿಎಸ್ ಯಂತ್ರ ಒಂದನ್ನು ತೆಗೆದ. ಭಾವಮೈದ ಹಳೇ ಕಾರು ಮಾರುವಾಗ ಬಿಚ್ಚಿ ಕೊಟ್ಟಿದ್ದದ್ದು. ತನ್ನದು ಬರೀ ಮಾತಾಡುವ ಫೋನು, ಅದರಲ್ಲಿ ನಕ್ಷೆಗಿಕ್ಷೆ ಇಲ್ಲ. ಈ ಯಂತ್ರವಾದರೂ ಮರ್ಯಾದೆ ಉಳಿಸೀತು ಎಂದುಕೊಂಡ. ವ್ಯಾನಿನಲ್ಲಿ ಹಚ್ಚಿ ನೋಡಿದರೆ ಅದರೊಳಗಿನ ನಕ್ಷೆ ಹನ್ನೆರಡು ವರ್ಷ ಹಳೆಯದು. ಹೊಸ ಬಡಾವಣೆ ಇರಬೇಕಾದ ಕಡೆ ಬರೀ ನೀಲಿ ಬಣ್ಣ. ಕೆರೆ ಮುಚ್ಚಿ ಮನೆ ಕಟ್ಟಿದ ಸುದ್ದಿ ಆ ಯಂತ್ರಕ್ಕೆ ಇನ್ನೂ ಮುಟ್ಟಿರಲಿಲ್ಲ.

ಹೊಸ ನಕ್ಷೆ ಕೊಳ್ಳಬೇಕು, ಆದರೆ ಯಾರಿಗೂ ತಿಳಿಯಬಾರದು. ಬೆಳಗಿನ ಮೊದಲ ಸುತ್ತು ಮುಗಿಸಿದವನೇ ವ್ಯಾನನ್ನು ಎರಡು ಬೀದಿ ಆಚೆ ನಿಲ್ಲಿಸಿ, ಎಲೆಕ್ಟ್ರಾನಿಕ್ ಅಂಗಡಿಗೆ ಗೋಡೆ ಸವರಿಕೊಂಡು ನಡೆದ.

“ನಕ್ಷೆ ಇದೆಯಾ?” ಎಂದು ಪಿಸುಗುಟ್ಟಿದ.

ಅಂಗಡಿಯವನು ಅವನ ಹಿಂದೆ ಮುಂದೆ ನೋಡಿ ತಾನೂ ಪಿಸುದನಿಯಲ್ಲೇ ಕೇಳಿದ, “ಯಾವುದರ ನಕ್ಷೆ? ಯಾತಕ್ಕೆ?”

“ಬೀದಿಗಳದ್ದು. ಈ ಯಂತ್ರಕ್ಕೆ ಹಾಕೋದು.”

ಅಂಗಡಿಯವನು ಉಸಿರು ಬಿಟ್ಟು ಉಗುರಿನಷ್ಟು ದೊಡ್ಡ ಕಾರ್ಡೊಂದನ್ನು ಮುಂದಿಟ್ಟ. “ಇಡೀ ದೇಶದ ಬೀದಿ ಇದರಲ್ಲಿದೆ.”

ದಾರಿಯಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. “ಇಷ್ಟರಲ್ಲಿ? ಸುಳ್ಳು ಹೇಳೋದಕ್ಕೂ ಒಂದು ಅಳತೆ ಬೇಡವೇನ್ರಿ?”

“ಕಂಪ್ಯೂಟರಿಗೆ ಯಂತ್ರ ಜೋಡಿಸಿ, ಕಾರ್ಡ್ ಹಾಕಿ, ನಿಮ್ಮ ಹೆಸರು, ವಿಳಾಸ, ಹುಟ್ಟಿದ ತಾರೀಖು ಎಲ್ಲ ತುಂಬಬೇಕು. ಆಮೇಲೆ ನಕ್ಷೆ ಇಳಿಯುತ್ತೆ.”

“ನನ್ನ ವಿಳಾಸ ಯಾಕೆ? ನಕ್ಷೆ ನನಗೆ ಮನೆ ಹುಡುಕಿಕೊಡಬೇಕೋ, ನನ್ನ ಮನೆಯನ್ನೇ ಹುಡುಕಿಕೊಂಡು ಬರುತ್ತೋ?”

“ನನಗೇನು ಗೊತ್ತು ಸ್ವಾಮಿ, ಅದು ಕೇಳುತ್ತೆ, ನೀವು ಕೊಡಬೇಕು. ಇನ್ನೊಂದು ಮಾತು. ಇಳಿಯುವಾಗ ಮಧ್ಯದಲ್ಲಿ ಕಿತ್ತರೆ ಯಂತ್ರ ಕಲ್ಲಾಗುತ್ತೆ. ಕಾರ್ಡ್ ಒಂದೇ ಸಲಕ್ಕೆ, ವಾಪಸು ತಗೊಳ್ಳಲ್ಲ.”

ದುಡ್ಡು ಕೊಟ್ಟು ಕಾರ್ಡು ಜೇಬಿಗಿಳಿಸಿ ಬಾಗಿಲು ದಾಟುವಾಗ ದಾರಿಯಪ್ಪ ಥಟ್ಟನೆ ತಿರುಗಿ ನೋಡಿದ. ಅಂಗಡಿಯವನು ಯಾರಿಗೋ ಫೋನು ಹಚ್ಚುತ್ತಿದ್ದ. ಊಟ ತರಿಸುತ್ತಿದ್ದನೋ ಏನೋ, ಆದರೆ ದಾರಿಯಪ್ಪ ಓಡುನಡಿಗೆಯಲ್ಲಿ ವ್ಯಾನು ಸೇರಿದ.

ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಇದ್ದದ್ದು ಗಾಜಿನ ಅಂಗಡಿಯಲ್ಲಿ ಒಂದೇ. ಗಿರಾಕಿಗಳ ವಿಳಾಸ, ಕಿಟಕಿಗಳ ಅಳತೆ ಎಲ್ಲ ಅದರೊಳಗೆ. ಯಜಮಾನರು ಒಂದು ಗಂಟೆಗೆ ಊಟಕ್ಕೆ ಮನೆಗೆ ಹೋದರೆ ಬರುವುದು ಎರಡೂವರೆಗೆ. ಅವರ ಸ್ಕೂಟರಿನ ಸದ್ದು ಮರೆಯಾದ ಕೂಡಲೇ ದಾರಿಯಪ್ಪ ಕುರ್ಚಿಯಲ್ಲಿ ಕೂತು, ಕಂಪ್ಯೂಟರಿನ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಯಂತ್ರ ಹೊರತೆಗೆದ. ಚೀಲ ತಡಕಿದ. ಜೋಡಿಸುವ ತಂತಿಯೇ ಇಲ್ಲ! ಅದು ಮನೆಯಲ್ಲಿ ಬೀರುವಿನ ಹಿಂದೆ, ಬೆಳಗ್ಗೆ ಹೆಂಡತಿ ಕಂಡಾಳೆಂದು ಅವನೇ ಬಚ್ಚಿಟ್ಟ ಜಾಗದಲ್ಲೇ ಉಳಿದಿತ್ತು.

ಹೆಂಡತಿಗೆ ಫೋನು ಮಾಡಿದ. “ಬೀರು ಹಿಂದೆ ಒಂದು ಕರಿ ತಂತಿ ಇದೆ. ಅಂಗಡಿಗೆ ತಂದುಕೊಡು. ಯಾರಿಗೂ ಹೇಳಬೇಡ.”

ಆ ಕಡೆ ಆಕೆಯ ದನಿ ಚುರುಕಾಯಿತು. “ಬೀರು ಹಿಂದೆ ಇನ್ನೂ ಏನೇನಿದೆ?”

“ಏನಿಲ್ಲ ಮಾರಾಯ್ತಿ!”

“ಏನಿಲ್ಲ ಅಂದ್ರೆ ಹಿಂದೆ ಯಾಕೆ ಇಡಬೇಕು? ಮುಂದೇ ಇಡಬಹುದಿತ್ತಲ್ಲ.”

ಹತ್ತೇ ನಿಮಿಷದಲ್ಲಿ ಆಕೆ ಬಂದಳು. ತಂತಿಯನ್ನು ಸತ್ತ ಹಾವಿನಂತೆ ಎರಡು ಬೆರಳಲ್ಲಿ ಹಿಡಿದಿದ್ದಳು. “ಬೀರು ಪೂರ್ತಿ ಜರುಗಿಸಿ ನೋಡಿದೆ. ಧೂಳು ಬಿಟ್ಟು ಬೇರೇನೂ ಸಿಗಲಿಲ್ಲ. ಈಗ ಇದು ಯಾತಕ್ಕೆ ಅಂತ ಹೇಳೋವರೆಗೂ ನಾನು ಕದಲಲ್ಲ” ಎಂದು ಸ್ಟೂಲು ಎಳೆದು ಕೂತೇಬಿಟ್ಟಳು. ಬೇರೆ ದಾರಿ ಕಾಣದೆ ಅವನು ಕಿವಿಯಲ್ಲಿ ನಿಜ ಹೇಳಿದ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಭುಜಗಳು ಕುಲುಕಿದವು. “ಮನೆಗೆ ಬರೋ ದಾರಿ ಒಂದಾದರೂ ನೆನಪಿದೆಯಲ್ಲ, ನನ್ನ ಪುಣ್ಯ!”

ತಂತಿ ಸೇರಿತು. ಹನ್ನೊಂದು ಪುಟದ ಷರತ್ತು ತೆರೆದುಕೊಂಡಿತು. ದಾರಿಯಪ್ಪ ಮೊದಲ ಸಾಲು ಓದಿ, ತನ್ನ ಹೊಲಮನೆಯನ್ನೇ ಬರೆಸಿಕೊಳ್ಳುತ್ತಿದ್ದಾರೆಂದು ಬೆವರಿ, ಕಣ್ಣು ಮುಚ್ಚಿ ‘ಒಪ್ಪಿದೆ’ ಒತ್ತಿದ. ಹುಟ್ಟಿದ ತಾರೀಖು ಮಾತ್ರ ಬೇಕೆಂದೇ ಎರಡು ದಿನ ತಪ್ಪಾಗಿ ಕೊಟ್ಟ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಬಸವನಹುಳುವಿನಂತೆ ತೆವಳತೊಡಗಿತು. ನೂರಕ್ಕೆ ಏಳು. ಒಂಬತ್ತು. ಮತ್ತೆ ಒಂಬತ್ತು.

ಇದನ್ನೆಲ್ಲ ಇನ್ನೊಂದು ಜೊತೆ ಕಣ್ಣು ನೋಡುತ್ತಿತ್ತು. ಒಳಗಿನ ಮೇಜಿನ ಬಳಿ ವಜ್ರಣ್ಣ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ವಜ್ರದ ಮೊನೆಯಿಂದ ಗಾಜು ಕೊರೆಯುವವನು. ಮಾತೂ ಹಾಗೇ, ಮೆಲ್ಲಗೆ ಎಳೆದ ಗೆರೆ, ಆಮೇಲೆ ಎರಡು ಹೋಳು.

“ಏನಣ್ಣ, ಕಂಪ್ಯೂಟರ್ ಗೋಡೆ ನೋಡ್ತಿದೆ?”

“ಬಿಸಿಲು ಬೀಳುತ್ತೆ ಅಂತ.”

ವಜ್ರಣ್ಣ ಕಿಟಕಿ ನೋಡಿದ. ಬಿಸಿಲು ಆಚೆ ಬೀದಿಯಲ್ಲಿತ್ತು. “ಅತ್ತಿಗೆಯೂ ಬಂದಿದ್ದಾರೆ. ಬಾಗಿಲಿಗೆ ಕಾವಲೋ?”

“ತಂತಿ ತಂದುಕೊಡೋಕೆ ಬಂದೆ” ಎಂದಳು ಆಕೆ ಮುಗ್ಧವಾಗಿ. ದಾರಿಯಪ್ಪ ಮೇಜಿನ ಕೆಳಗೆ ಆಕೆಯ ಕಾಲು ತುಳಿಯಲು ಹೋಗಿ ತನ್ನದೇ ಕಾಲು ತುಳಿದುಕೊಂಡ.

ವಜ್ರಣ್ಣನ ತಲೆಯೊಳಗೆ ಗೆರೆ ಪೂರ್ತಿ ಎಳೆದಾಯಿತು. ಕಂಪ್ಯೂಟರಿನಲ್ಲಿರುವುದು ಗಿರಾಕಿಗಳ ವಿಳಾಸ. ಅದಕ್ಕೆ ತಂತಿ. ತಂತಿಯ ತುದಿಗೆ ಡಬ್ಬಿ. ಎದುರು ಬೀದಿಯಲ್ಲಿ ಹೊಸದಾಗಿ ಶುರುವಾದ ಗಾಜಿನ ಅಂಗಡಿಗೆ ಡ್ರೈವರ್ ಬೇಕೆಂದು ಬೋರ್ಡು ಬೇರೆ ತೂಗಾಡುತ್ತಿದೆ. ಅವನು ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಯಜಮಾನರಿಗೆ ಫೋನು ಹಚ್ಚಿದ.

ಪಟ್ಟಿ ತೊಂಬತ್ತಮೂರಕ್ಕೆ ಬಂದು ನಿಂತಾಗ ಸ್ಕೂಟರಿನ ಸದ್ದು ಕೇಳಿತು. ಅರ್ಧ ಊಟದಲ್ಲೇ ಎದ್ದು ಬಂದಿದ್ದ ಯಜಮಾನರ ಅಂಗೈ ಇನ್ನೂ ಒದ್ದೆ.

“ಏನದು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ದಾರಿಯಪ್ಪ ಕೇಳದೆಯೇ ಹೇಳಿದ, “ನಾನೇನೂ ಕದೀತಿಲ್ಲ, ಯಜಮಾನ್ರೆ!”

“ಕದೀತಿದೀಯಾ ಅಂತ ನಾನು ಕೇಳಿದೆನಾ?” ಯಜಮಾನರ ಕನ್ನಡಕ ಮೂಗಿನ ತುದಿಗೆ ಜಾರಿತು. “ಇಪ್ಪತ್ತೆರಡು ವರ್ಷ ಅನ್ನ ಹಾಕಿದ ಅಂಗಡಿ ಇದು. ನನ್ನ ಗಿರಾಕಿಗಳನ್ನ ಡಬ್ಬಿಯಲ್ಲಿ ತುಂಬ್ಕೊಂಡು ಹೋಗ್ತೀಯಾ? ಕೀಳು ಅದನ್ನ!”

ಅವರ ಕೈ ತಂತಿಯ ಕಡೆ ಚಾಚಿತು. ದಾರಿಯಪ್ಪ ಮರಿ ಕಾಯುವ ಕೋಳಿಯಂತೆ ಯಂತ್ರದ ಮೇಲೆ ಕವಿದು ಬಿದ್ದ. “ಬೇಡಿ! ಕಿತ್ತರೆ ಕಲ್ಲಾಗುತ್ತೆ!”

“ಯಾರು ಕಲ್ಲಾಗ್ತಾರೆ? ಬೆದರಿಕೆ ಬೇರೆ ಹಾಕ್ತೀಯಾ?”

“ನಾನು ಮೊದಲೇ ಅಂದೆ” ಎಂದ ವಜ್ರಣ್ಣ ಹಿಂದಿನಿಂದ.

ದಾರಿಯಪ್ಪನ ಹೆಂಡತಿ ಸ್ಟೂಲಿನಿಂದ ಎದ್ದಳು. ಗಂಡನನ್ನು ತಾನು ಎಷ್ಟೇ ಅನುಮಾನಿಸಲಿ, ಬೇರೆಯವರು ಅನುಮಾನಿಸಿದರೆ ಆಕೆಗೆ ಸಹಿಸದು. “ಕಳ್ಳತನವೂ ಇಲ್ಲ, ಮಣ್ಣೂ ಇಲ್ಲ! ವಿಷಯ ಇಷ್ಟೇ ಯಜಮಾನ್ರೆ, ಇವರಿಗೆ ಆ ಹೊಸ ಬಡಾವಣೆಯಲ್ಲಿ...”

ಅತ್ತ ದರಿ, ಇತ್ತ ಪುಲಿ. ಕಳ್ಳನೆನಿಸಿಕೊಂಡರೆ ಕೆಲಸ ಹೋಗುತ್ತದೆ. ದಾರಿ ಗೊತ್ತಿಲ್ಲದವನೆನಿಸಿಕೊಂಡರೂ ಹೋಗುತ್ತದೆ. ಹೆಂಡತಿಯ ಮಾತು ಮುಗಿಯುವ ಮೊದಲು ದಾರಿಯಪ್ಪನ ಬಾಯಿಂದ ಅವನೇ ಕೇಳಿ ಬೆಚ್ಚುವಂಥ ಮಾತೊಂದು ಹೊರಬಿತ್ತು.

“ನಿಮಗೇ ತಂದದ್ದು, ಯಜಮಾನ್ರೆ! ಉಡುಗೊರೆ! ಕೊಡೋವರೆಗೂ ಗುಟ್ಟಾಗಿರಲಿ ಅಂತ...”

ಅದೇ ಹೊತ್ತಿಗೆ ಹಸಿರು ಪಟ್ಟಿ ತುದಿ ಮುಟ್ಟಿತು. ಯಂತ್ರದಿಂದ ಒಂದು ಹೆಣ್ಣುದನಿ ಸ್ಪಷ್ಟವಾಗಿ ಹೇಳಿತು, “ನಿಮ್ಮ ನಕ್ಷೆ ಸಿದ್ಧವಾಗಿದೆ.”

ಯಜಮಾನರು ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಹೊಸ ಬಡಾವಣೆ ನಂಬರು ನಂಬರಾಗಿ, ಬೀದಿ ಬೀದಿಯಾಗಿ ಅದರಲ್ಲಿ ಹೊಳೆಯುತ್ತಿತ್ತು. ದಾರಿಯಪ್ಪ ಕೈಗೆ ಬಂದ ತುತ್ತನ್ನು ಕಾಗೆಗೆ ಕಳೆದುಕೊಂಡವನಂತೆ ನೋಡಿದ.

“ಮೂವತ್ತು ವರ್ಷದಿಂದ ಅಂಗಡಿ ನಡೆಸ್ತಿದೀನಿ” ಎಂದರು ಯಜಮಾನರು. “ಯಾರೂ ಒಂದು ಪೆನ್ನು ಕೊಟ್ಟವರಿಲ್ಲ. ನಿನ್ನನ್ನ ಅನುಮಾನಿಸಿಬಿಟ್ಟೆನಲ್ಲಪ್ಪ.” ಅವರು ಕಣ್ಣೊರೆಸಿಕೊಂಡು ವಜ್ರಣ್ಣನ ಕಡೆ ಒಂದು ನೋಟ ಬೀರಿದರು. ವಜ್ರಣ್ಣ ತನ್ನ ಚಪ್ಪಲಿ ನೋಡಿಕೊಂಡ.

ಎಲ್ಲ ಸುಖವಾಗಿ ಮುಗಿಯಿತೆಂದು ದಾರಿಯಪ್ಪ ಉಸಿರು ಬಿಡುವಷ್ಟರಲ್ಲಿ ಯಜಮಾನರು ಯಂತ್ರವನ್ನು ತಮ್ಮ ಮೇಜಿನ ಮೇಲೆ ಕೂರಿಸಿ, ಮಧ್ಯಾಹ್ನದ ಮೊದಲ ಆರ್ಡರಿನ ಚೀಟಿ ನೋಡಿ, ಒಂದೊಂದೇ ಅಕ್ಷರ ಒತ್ತಿದರು. ಹೊಸ ಬಡಾವಣೆ, ಇಪ್ಪತ್ತಾರನೇ ಬೀದಿ. ಕಿಟಕಿ ಗಾಜು, ನಾಲ್ಕು.

“ಹತ್ತೊಂಬತ್ತು ನಿಮಿಷ” ಎಂದಿತು ಹೆಣ್ಣುದನಿ.

“ಆಹಾ!” ಯಜಮಾನರ ಮುಖ ಅರಳಿತು. “ಇನ್ಮೇಲೆ ಯಾವ ಮನೆಗೆ ಎಷ್ಟು ಹೊತ್ತು ಅಂತ ಇಲ್ಲೇ ಕೂತು ಗೊತ್ತಾಗುತ್ತೆ. ಆದರೆ ಇದು ಬರೀ ಯಂತ್ರ. ನೀನು ದಾರಿಯಪ್ಪ. ನಿನಗೆ ಹದಿನೈದು ಸಾಕು.” ಗಡಿಯಾರ ಬಿಚ್ಚಿ ವಜ್ರಣ್ಣನ ಕೈಗಿಟ್ಟರು. “ನೀನೂ ಜೊತೆಗೆ ಹೋಗು. ಸರಿಯಾಗಿ ನೋಡಿ ಬರ್ಕೊಂಡು ಬಾ. ಅನುಮಾನಪಟ್ಟಿದ್ದಕ್ಕೆ ಅದೇ ನಿನಗೆ ಶಿಕ್ಷೆ.”

ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಮನೆ ಕಡೆ ನಡೆದಳು. ನಾಲ್ಕು ಗಾಜು ವ್ಯಾನಿನ ಬೆನ್ನೇರಿದವು. ದಾರಿಯಪ್ಪ ಗೇರು ಹಾಕಿ, ಊರು ದಾಟಿ, ಬಡಾವಣೆಯ ಬಾಯಿಗೆ ಬಂದು ನಿಂತ. ಮುಂದೆ ಮೂರು ಬೀದಿ. ಮೂರೂ ಒಂದೇ ತಾಯಿ ಮಕ್ಕಳಂತೆ.

“ಒಂಬತ್ತು ನಿಮಿಷ ಆಯ್ತು” ಎಂದ ವಜ್ರಣ್ಣ.

ದಾರಿಯಪ್ಪ ಏನೂ ಆಗದವನಂತೆ ಕೆಮ್ಮಿದ. “ನಿನಗೆಷ್ಟು ಗೊತ್ತು ನೋಡೋಣ. ಈಗ ಯಾವ ಕಡೆ ಹೋಗಬೇಕು, ಹೇಳು.”

“ನನಗೇನು ಗೊತ್ತಣ್ಣ” ಎಂದು ವಜ್ರಣ್ಣ ಸೀಟಿಗೆ ಒರಗಿ, ಕಣ್ಣು ಅರ್ಧ ಮುಚ್ಚಿದ. “ಮಧ್ಯಾಹ್ನದಿಂದ ನಿನ್ನ ಮೇಲೆ ಇಲ್ಲದ ಅನುಮಾನ ಪಟ್ಟೆ, ತಪ್ಪಾಯ್ತು. ಇನ್ನು ನಾನು ನಿನ್ನನ್ನೇ ಪೂರ್ತಿ ನಂಬಿಬಿಟ್ಟಿದೀನಿ.”