‘ನೋಡೋಣ’ ಎಂದವನನ್ನು ನೋಡಲು ಕಳಿಸಿದ ಪೆಟ್ಟಿಗೆಗೆ

ವೃತ್ತಿ ಮತ್ತು ಸಂಸ್ಕೃತಿ ವಿನಿಮಯ ಸಮಿತಿಯ ಕಬ್ಬಿಣದ ಬೀರುವಿನಲ್ಲಿ ಮೈಗೆ ವೈರು ಸುತ್ತಿಕೊಂಡು ವಿಶ್ರಮಿಸುತ್ತಿರುವ ಶ್ರೀಮದ್ ಅನುವಾದ ಪೆಟ್ಟಿಗೆಯವರ ಸನ್ನಿಧಾನಕ್ಕೆ ದರ್ಜಿಯೊಬ್ಬ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ತಮ್ಮ ಬ್ಯಾಟರಿ ತುಂಬಿದೆಯೆಂದೂ ಧ್ವನಿ ಎಂದಿನಂತೆ ಗಂಭೀರವಾಗಿದೆಯೆಂದೂ ನಂಬಿದ್ದೇನೆ. ಸಮಿತಿಯವರು ನಮ್ಮೂರಿನ ಐವರು ಕಸುಬುದಾರರನ್ನು ಆರಿಸಿ ಹದಿನಾಲ್ಕು ದಿನ ಪರದೇಶಕ್ಕೆ ಕಳಿಸಿದಾಗ, ನನಗೆ ತಂಗಲು ಅಲ್ಲಿನ ಹಿರಿಯ ದರ್ಜಿಯಮ್ಮನ ಮನೆ ಸಿಕ್ಕಿತು, ಕುತ್ತಿಗೆಗೆ ತಾವು ಸಿಕ್ಕಿದಿರಿ. ನಾನು ಕನ್ನಡದಲ್ಲಿ ಆಡಿದ್ದನ್ನು ತಾವು ಅವರ ಭಾಷೆಯಲ್ಲಿ ಹೇಳುವುದು, ಅವರು ಆಡಿದ್ದನ್ನು ನನಗೆ ಕನ್ನಡದಲ್ಲಿ ಹೇಳುವುದು, ಇದಿಷ್ಟೇ ತಮ್ಮ ಕೆಲಸವೆಂದು ಆಗ ನಾನು ತಿಳಿದಿದ್ದೆ.

ಮಾನ್ಯರೇ, ತಮಗೆ ಕನ್ನಡ ಬರುವುದಿಲ್ಲವೆಂದು ನಾನು ಹೇಳುತ್ತಿಲ್ಲ. ನನಗಿಂತ ಚೆನ್ನಾಗಿಯೇ ಬರುತ್ತದೆ, ತೊಂದರೆ ಆಗಿದ್ದೇ ಅದರಿಂದ. ಶುಕ್ರವಾರಕ್ಕೆ ಅಂಗಿ ಬೇಕೆಂದು ಗಿರಾಕಿ ಪಟ್ಟು ಹಿಡಿದರೆ, ಭಾವಮೈದುನ ಸ್ಕೂಟರು ಕೇಳಿದರೆ, ಪರಿಚಯದವರು ಎರಡು ಗಂಟೆಯ ಭಾಷಣಕ್ಕೆ ಕರೆದರೆ ನಾವು ‘ನೋಡೋಣ’ ಎನ್ನುತ್ತೇವೆ. ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಬಾರದೆಂದು ನಾವು ಕಂಡುಕೊಂಡ ಮರ್ಯಾದೆಯ ಮಾತು ಅದು. ಹೇಳಿದವನಿಗೂ ಗೊತ್ತು, ಕೇಳಿದವನಿಗೂ ಗೊತ್ತು, ಅಲ್ಲಿಗೆ ವಿಷಯ ಮುಗಿಯಿತು. ಆದರೆ ತಾವು ಅಕ್ಷರಕ್ಕೆ ಅಕ್ಷರ ನಿಯತ್ತಿನಿಂದ ‘ಬನ್ನಿ, ಹೋಗಿ ನೋಡಿಬರೋಣ’ ಎಂದು ಹೇಳಿ ಕೈತೊಳೆದುಕೊಂಡಿರಿ.

ಅದರ ಫಲವಾಗಿ, ಬೆಳಗಿನ ಆರಕ್ಕೆ ಕೆರೆಯಲ್ಲಿ ಈಜಲು ಬರುತ್ತೀರಾ ಎಂದು ದರ್ಜಿಯಮ್ಮ ಕೇಳಿದ ಮರುದಿನವೇ, ಹಲ್ಲು ಕಟಕಟಿಸುವ ಚಳಿಯಲ್ಲಿ, ಯಾರದೋ ಚಡ್ಡಿ ತೊಟ್ಟು, ಮೊಣಕಾಲುದ್ದ ನೀರಿನಲ್ಲಿ ನಾನು ನಿಂತಿದ್ದೆ. ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕವನ್ನು, ನಮ್ಮ ತಂಡದ ಉಳಿದ ನಾಲ್ವರು ಪೇಟೆ ಸುತ್ತುತ್ತಿದ್ದಾಗ, ನಾನೊಬ್ಬನೇ ಮೂರು ಗಂಟೆ ನೋಡಿದೆ. ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡು ಸಂಗ್ರಹಿಸಿಟ್ಟ ಇನ್ನೂರ ಹನ್ನೊಂದು ಬೀಗಗಳನ್ನು ಒಂದೊಂದಾಗಿ ತೆಗೆದು ಹಾಕಿ ತೋರಿಸಿದರು. ನಡುವೆ ದಣಿವಾಯಿತೇ, ಉಳಿದದ್ದು ನಾಳೆಗೆ ಇಡೋಣವೇ ಎಂದು ಪಾಪ ಅವರು ಕೇಳಿದಾಗ, ನಾಳೆಯೂ ಬೇಡವೆಂಬ ಅರ್ಥದಲ್ಲಿ ನಾನು ‘ನೋಡೋಣ’ ಎಂದು ಕೆಟ್ಟೆ. ಈ ಊರಿನವರಿಗೆ ಇಷ್ಟೊಂದು ಅತಿಥಿಪ್ರೇಮ ಎಲ್ಲಿಂದ ಬಂತಪ್ಪ ಎಂದು ಬೆರಗಾಗಿದ್ದೆನೇ ಹೊರತು, ನನ್ನೆದೆಯ ಮೇಲೆಯೇ ಕೂತ ತಮ್ಮ ಮೇಲೆ ಅನುಮಾನ ಬರಲಿಲ್ಲ.

ಇದೆಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಐದನೆಯ ದಿನ ದರ್ಜಿಯಮ್ಮ ನನ್ನ ಅಂಗಿಯ ಮೇಲೆ ಭೂತಗನ್ನಡಿ ಹಿಡಿದು, ಗುಂಡಿ ತೂರಿಸುವ ಸೀಳಿನ ಸುತ್ತ ಕೈಯಲ್ಲಿ ಹೊಲಿದ ಕಾಜವನ್ನು ಬಹಳ ಹೊತ್ತು ನೋಡಿದರು. ಅದು ನಮ್ಮಪ್ಪನ ಕಾಜ. ಬಟ್ಟೆ ಹರಿದರೂ ಕಾಜ ಬಿಚ್ಚದು. ‘ಇದನ್ನ ಅಂಗಡಿಯಿಂದ ಆಚೆ ಬಿಡಬೇಡ ಕಣೋ’ ಎಂದು ಅಪ್ಪ ಹಾಸಿಗೆ ಹಿಡಿದ ಮೇಲೂ ಹೇಳಿದ್ದರು, ನಾನೂ ಇಪ್ಪತ್ತಾರು ವರ್ಷ ಬಿಟ್ಟಿರಲಿಲ್ಲ. ಕಲಿಸಿಕೊಡುತ್ತೀರಾ ಎಂದು ಆಕೆ ಕೇಳಿದರು. ನಾನು ಬೇಡವೆನ್ನಲಾರದೆ, ಕತ್ತರಿಯ ಕಡೆ ಮುಖ ಮಾಡಿ, ‘ನೋಡೋಣ’ ಎಂದೆ.

ತಾವು ಎಂದಿನಂತೆ ತಮ್ಮ ಕರ್ತವ್ಯ ಮಾಡಿದಿರಿ. ಆಕೆ ಕಿಟಕಿಯ ಬಳಿ ಎರಡು ಸ್ಟೂಲು ಹಾಕಿ, ದೀಪ ಎಳೆದು, ಸೂಜಿಗೆ ನೂಲು ಪೋಣಿಸಿ, ಕನ್ನಡಕ ಒರೆಸಿಕೊಂಡು, ಶಾಲೆಯ ಮೊದಲ ದಿನದ ಮಗುವಿನ ಹಾಗೆ ಕೂತುಬಿಟ್ಟರು. ಎಪ್ಪತ್ತು ದಾಟಿದ ಆ ಹೆಂಗಸಿನ ಎದುರು ಏನು ಹೇಳಲಿ ಮಾನ್ಯರೇ? ಕೂತೆ. ತೋರಿಸಿದೆ. ಇದು ಬಹಿರಂಗ ಪತ್ರವಾದ್ದರಿಂದ ಆ ಗುಟ್ಟನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ತಾವು ಇದನ್ನೂ ಅನುವಾದಿಸಿಬಿಡುವಿರಿ.

ನಾಲ್ಕು ದಿನ ಆಕೆ ಹೊಲಿದು ಬಿಚ್ಚಿದರು, ಹೊಲಿದು ಬಿಚ್ಚಿದರು. ಒಂಬತ್ತನೆಯ ಕಾಜ ಮುಗಿಸಿ ನೂಲನ್ನು ಹಲ್ಲಿನಿಂದ ಕಡಿದರು. ಅಪ್ಪನೂ ಹಾಗೇ ಕಡಿಯುತ್ತಿದ್ದರು, ಕತ್ತರಿ ಕೈಯಲ್ಲೇ ಇದ್ದರೂ. ಅಪ್ಪ ಹೋದ ಮೇಲೆ ಪಕ್ಕದ ಸ್ಟೂಲಿನಲ್ಲಿ ಕೂತು ಹೊಲಿಯುವವರೇ ನನಗೆ ಇರಲಿಲ್ಲ ಎಂಬುದು ಆವರೆಗೆ ಹೊಳೆದಿರಲಿಲ್ಲ. ಉಳಿದ ದಿನಗಳಲ್ಲಿ ತಮ್ಮನ್ನು ಹೆಚ್ಚು ಮಾತಾಡಿಸಲಿಲ್ಲ, ಕ್ಷಮೆಯಿರಲಿ. ಸೂಜಿ ಹಿಡಿದ ಇಬ್ಬರಿಗೆ ಮಾತು ಅಷ್ಟಾಗಿ ಬೇಕಾಗುವುದಿಲ್ಲ.

ಹದಿಮೂರನೆಯ ದಿನದ ಬೀಳ್ಕೊಡುಗೆಯ ಊಟದಲ್ಲಿ ತಮ್ಮ ಬಣ್ಣ ಬಯಲಾಯಿತು. ನಮ್ಮ ತಂಡದ ಹಲ್ಲಿನ ಡಾಕ್ಟರಮ್ಮನಿಗೆ ಎರಡೂ ಭಾಷೆ ಬರುತ್ತದೆ. ತಾವು ನನ್ನ ‘ನೋಡೋಣ’ವನ್ನು ಏನೆಂದು ಹೇಳುತ್ತಿದ್ದೀರೆಂದು ಕಿವಿಯಾರೆ ಕೇಳಿ ಅವರು ತಟ್ಟೆ ಬದಿಗಿಟ್ಟು ನಕ್ಕರು. ಆಮೇಲೆ ಅದು ನಮ್ಮಲ್ಲಿ ನಿಜಕ್ಕೂ ಏನೆಂದು ದರ್ಜಿಯಮ್ಮನಿಗೂ ವಿವರಿಸಿದರು. ಆಕೆ ನಗಲಿಲ್ಲ. ನನ್ನನ್ನು ನೋಡಿದರು, ನನ್ನ ಅಂಗಿಯ ಕಾಜ ನೋಡಿದರು, ಮತ್ತೆ ಊಟ ಮುಂದುವರಿಸಿದರು.

ಮರುದಿನ ಬೆಳಿಗ್ಗೆ ಸಮಿತಿಯವರು ಎಣಿಕೆಗೆಂದು ತಮ್ಮನ್ನು ನನ್ನ ಕುತ್ತಿಗೆಯಿಂದ ಬಿಡಿಸಿಕೊಂಡರು. ಹದಿಮೂರು ದಿನ ಬೇಡದಾಗಲೆಲ್ಲ ಮಾತಾಡಿದ ತಾವು ಬೇಕಾದ ಆ ಒಂದು ಗಳಿಗೆಯಲ್ಲಿ ಪೆಟ್ಟಿಗೆಯೊಳಗಿನ ಪೆಟ್ಟಿಗೆಯಾಗಿದ್ದಿರಿ. ಬಸ್ಸು ನಿಲ್ಲುವ ಜಾಗದಲ್ಲಿ ನಾನು ಆಕೆಯನ್ನು ತೋರಿಸಿ, ಆಕಾಶ ತೋರಿಸಿ, ನನ್ನನ್ನು ತೋರಿಸಿ, ಗಾಳಿಯಲ್ಲಿ ಎರಡು ಸ್ಟೂಲು ಬರೆದು, ನಮ್ಮೂರಿಗೆ ಒಮ್ಮೆ ಬನ್ನಿ ಎಂದೆ. ಆಕೆಗೆ ಅರ್ಥವಾಯಿತು. ನನ್ನ ಕಾಲರು ಸರಿಮಾಡಿ, ಸ್ಪಷ್ಟವಾದ ಕನ್ನಡದಲ್ಲಿ, ತಾನು ಕಲಿತ ಒಂದೇ ಒಂದು ಮಾತನ್ನು ಹೇಳಿದರು.

‘ನೋಡೋಣ.’

ಮಾನ್ಯರೇ, ನನ್ನ ದೂರು ಇಷ್ಟೇ. ಅದು ತಾವು ಕಲಿಸಿದ ‘ನೋಡೋಣ’ವೋ, ಡಾಕ್ಟರಮ್ಮ ವಿವರಿಸಿದ ‘ನೋಡೋಣ’ವೋ? ಬಂದು ಆರು ತಿಂಗಳಾಯಿತು, ಅಳತೆ ತೆಗೆಯುವಾಗಲೂ ಇದೇ ಯೋಚನೆ, ಮೊನ್ನೆ ಒಬ್ಬರಿಗೆ ತೋಳು ಗಿಡ್ಡವಾಯಿತು. ಆದ್ದರಿಂದ ತಾವು ದಯಮಾಡಿ ಬೀರುವಿನಿಂದಿಳಿದು, ಆ ಬಸ್ಸು ನಿಲ್ಲುವ ಜಾಗಕ್ಕೆ ತೆರಳಿ, ಅಲ್ಲಿ ಆಡಿದ ಆ ಮಾತನ್ನು ಹೇಗಾದರೂ ಕೇಳಿಸಿಕೊಂಡು, ಕನ್ನಡದಿಂದ ಕನ್ನಡಕ್ಕೆ ಅನುವಾದಿಸಿ ತಿಳಿಸಬೇಕಾಗಿ ವಿನಂತಿ. ಈ ಸಲ ಮಾತ್ರ ತಾವು ಹೇಳಿದ ಅರ್ಥವೇ ಸರಿಯಾಗಿದ್ದರೆ, ಇನ್ನೂ ಇನ್ನೂರು ಬೀಗ ನೋಡಲು ಸಿದ್ಧನಿದ್ದೇನೆ.

ಹದಿಮೂರು ದಿನ ತಮ್ಮನ್ನು ಎದೆಯ ಮೇಲೆ ಹೊತ್ತ,
ತಮ್ಮ ವಿಶ್ವಾಸಿ,
ಕಾಜದ ದರ್ಜಿ

ತಾ.ಕ.: ತಮ್ಮ ಕಥೆ ಕೇಳಿದ ನನ್ನ ಹೆಂಡತಿ, ‘ಇಪ್ಪತ್ತೆರಡು ವರ್ಷದಿಂದ ನಂಗೂ ನೋಡೋಣ ಅಂತಾನೇ ಇದೀರಲ್ರೀ, ಆ ಪೆಟ್ಟಿಗೆ ನಮ್ಮನೇಲೂ ಒಂದಿರ್ಲಿ’ ಎಂದಿದ್ದಾಳೆ. ಅವಳೇನಾದರೂ ಸಮಿತಿಗೆ ಅರ್ಜಿ ಹಾಕಿದರೆ ತಾವು ಕೆಟ್ಟುಹೋದಂತೆ ನಟಿಸಬೇಕು. ಹೊಲಿಗೆ ಯಂತ್ರದ ಪಕ್ಕ ಹೊಸದೊಂದು ಸ್ಟೂಲು ತಂದಿಟ್ಟಿದ್ದೇನೆ. ಯಾರಿಗೆಂದು ನಿನ್ನೆ ಅವಳು ಕೇಳಿದಳು. ‘ನೋಡೋಣ’ ಎಂದೆ. ಸುಮ್ಮನೆ ಹೋಗಿ ಅದರ ಧೂಳು ಒರೆಸಿದಳು. ಇದನ್ನು ಮಾತ್ರ ತಾವು ದಯವಿಟ್ಟು ಅನುವಾದಿಸಲು ಬರಬೇಡಿ.